ಕಂಬ ಬಾಗುವ ಭಾರವನ್ನು ಎಣಿಸಿದ ಆಯ್ಲರ್

ಮಾಕಳಿಯಂಥ ಊರುಗಳಲ್ಲಿ ತಾರಸಿಗೆ ಕಾಂಕ್ರೀಟು ಹಾಕುವಾಗ ಉಕ್ಕಿನ ಪೈಪುಗಳನ್ನು ಆಸರೆಯಾಗಿ ನಿಲ್ಲಿಸುವರು. ಗಿಡ್ಡ ಪೈಪು ಮಿತಿಮೀರಿದ ಭಾರಕ್ಕೆ ನಜ್ಜುಗುಜ್ಜಾಗುವುದು; ನೀಳವಾದುದಾದರೋ ಅದಕ್ಕಿಂತ ಬಹು ಮೊದಲೇ ಒಮ್ಮೆಗೇ ಬಾಗಿ ಕುಸಿಯುವುದು. ಬಾಗಿಸುವ ಆ ಭಾರವನ್ನು ಮುಂದಾಗಿಯೇ ಎಣಿಸುವ ಮಾರ್ಗವನ್ನು ತೋರಿದ ಮಹನೀಯನು ಲಿಯೊನಾರ್ಡ್ ಆಯ್ಲರ್.

ಈತನು 1707ರ ಏಪ್ರಿಲ್ 15ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ಮಗನೂ ಧರ್ಮೋಪದೇಶಕನಾಗಲೆಂಬುದು ತಂದೆಯ ಬಯಕೆಯಾಗಿತ್ತು. ಗುರುವಾದ ಯೋಹಾನ್ ಬರ್ನೂಲಿಯು ಶಿಷ್ಯನ ಪ್ರತಿಭೆಯನ್ನರಿತು, ತಂದೆಯ ಮನವೊಲಿಸಿ, ಅವನನ್ನು ಗಣಿತದ ಹಾದಿಗೆ ಹಚ್ಚಿದನು.

1738ರಲ್ಲಿ ಬಲಗಣ್ಣಿನ ದೃಷ್ಟಿ ಕುಂದಿತು. ಆದರೂ ಕಾರ್ಯ ನಿಲ್ಲಲಿಲ್ಲ. ಬರ್ಲಿನ್ನಿನಲ್ಲಿದ್ದಾಗ, 1744ರಲ್ಲಿ ಪ್ರಕಟವಾದ ಗ್ರಂಥದ ಅನುಬಂಧವೊಂದರಲ್ಲಿ ಕಂಬ ಬಾಗುವ ಲೆಕ್ಕವನ್ನು ವಿವರಿಸಿದನು. ಉದ್ದವು ಇಮ್ಮಡಿಸಿದರೆ ಹೊರುವ ಶಕ್ತಿಯು ಕಾಲುಭಾಗಕ್ಕಿಳಿಯುವುದೆಂಬುದು ಅದರ ಸಾರ. ಅಷ್ಟೇ ಉದ್ದದ, ಅಷ್ಟೇ ತೂಕದ ಗಟ್ಟಿ ಸಲಾಕೆಗಿಂತ ಟೊಳ್ಳು ಪೈಪು ಹೆಚ್ಚು ಭಾರವನ್ನು ತಾಳುವುದೇಕೆಂಬುದೂ ಈ ಲೆಕ್ಕದಿಂದಲೇ ತಿಳಿಯುವುದು: ಲೋಹವು ನಡುವಿನಿಂದ ದೂರ ಸರಿದಷ್ಟೂ ಬಾಗುವುದು ಕಷ್ಟ.

1766ರಲ್ಲಿ ರಷ್ಯಕ್ಕೆ ಮರಳಿದ ಬಳಿಕ ಉಳಿದ ಕಣ್ಣೂ ಕತ್ತಲಾಯಿತು. ನೆನಪಿನಲ್ಲಿಯೇ ಗಣಿಸಿ, ಮಕ್ಕಳಿಂದಲೂ ಶಿಷ್ಯರಿಂದಲೂ ಬರೆಯಿಸಿದನು. ಈತನ ಕೃತಿರಾಶಿಯ ಸುಮಾರು ಅರ್ಧಭಾಗ ಈ ಕಾಲದ್ದೇ. 1783ರ ಸೆಪ್ಟೆಂಬರ್ 18ರಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಆಯ್ಲರನು ಕಾಲವಾದನು. ಆಸರೆಯ ಪೈಪಿಗೆ ನಡುವೆ ಅಡ್ಡಕಟ್ಟು ಬಿಗಿದು ಕೂಲಿಕಾರರ ಪ್ರಾಣವನ್ನು ಕಾಯುವ ಎಂಜಿನಿಯರನು ಇಂದಿಗೂ ಆತನ ಲೆಕ್ಕವನ್ನೇ ಅನುಸರಿಸುತ್ತಾನೆ.