ಚೆಂಡಾಟದ ವೀರ ಹೋನಸ್ ವ್ಯಾಗ್ನರ್

ನಮ್ಮ ಶಾಲೆಯ ಬಾಲಕರ ಜೇಬುಗಳಲ್ಲಿ ಕ್ರಿಕೆಟ್ ಆಟಗಾರರ ಚಿತ್ರದ ಕಾರ್ಡುಗಳು ಇರುವುದನ್ನು ನಾವು ಬಲ್ಲೆವು. ಪಾಠದ ವೇಳೆಯಲ್ಲಿ ಅವು ಬೆಂಚಿನ ಕೆಳಗೆ ಅದಲುಬದಲಾಗುವುದನ್ನು ಕಂಡು ನಾವು ಕಸಿದುಕೊಂಡದ್ದೂ ಉಂಟು. ಅಂಥ ಕಾರ್ಡುಗಳನ್ನು ಸಂಜೆ ಹಿಂದಿರುಗಿಸುವಾಗಲೆಲ್ಲ ನಮಗೆ ಅಮೇರಿಕೆಯ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರನ ನೆನಪಾಗುತ್ತದೆ.

ವ್ಯಾಗ್ನರನು 1874ನೆಯ ಇಸವಿ ಫೆಬ್ರವರಿ 24ರಂದು ಪೆನ್ಸಿಲ್ವೇನಿಯ ಸಂಸ್ಥಾನದ ಪಿಟ್ಸ್‌ಬರ್ಗ್ ನಗರದ ಸಮೀಪದಲ್ಲಿ, ಇಂದು ಕಾರ್ನೆಗಿ ಎಂದು ಕರೆಯಲ್ಪಡುವ ಊರಿನಲ್ಲಿ ಜನಿಸಿದನು. ತಾಯಿತಂದೆಗಳು ಜರ್ಮನಿಯಿಂದ ಹೊಟ್ಟೆಪಾಡಿಗಾಗಿ ವಲಸೆ ಬಂದವರು. ಯೋಹಾನೆಸ್ ಎಂಬ ಹೆಸರೇ ಮನೆಮಾತಿನಲ್ಲಿ ಹೋನಸ್ ಎಂದಾಯಿತು. ಹನ್ನೆರಡನೆಯ ವಯಸ್ಸಿಗೆ ಅವನ ಶಾಲೆ ಮುಗಿಯಿತು. ತಂದೆ ಮತ್ತು ಅಣ್ಣಂದಿರ ಜೊತೆಗೆ ಕಲ್ಲಿದ್ದಲ ಗಣಿಗೆ ಇಳಿದನು. ಬಿಡುವಿನ ವೇಳೆಯಲ್ಲಿ ಸೋದರರೊಡನೆ ಆಡಿದ ಚೆಂಡಾಟವೇ ಅವನನ್ನು ಗಣಿಯಿಂದ ಮೇಲಕ್ಕೆತ್ತಿತು. ಅಣ್ಣ ಆಲ್ಬರ್ಟನ ಶಿಫಾರಸಿನಿಂದ 1895ರಲ್ಲಿ ಒಂದು ಚಿಕ್ಕ ತಂಡವನ್ನು ಸೇರಿದನು. 1897ರಲ್ಲಿ ಲೂಯಿವಿಲ್ ತಂಡಕ್ಕೂ, 1900ರಲ್ಲಿ ಪಿಟ್ಸ್‌ಬರ್ಗಿನ ಪೈರೇಟ್ಸ್ ತಂಡಕ್ಕೂ ಬಂದನು.

ನೋಡಲು ಅವನು ಆಟಗಾರನಂತಿರಲಿಲ್ಲ. ಬಿಲ್ಲಿನಂತೆ ಬಾಗಿದ ಕಾಲುಗಳು, ನೀಳವಾದ ತೋಳುಗಳು, ಮೊರದಗಲದ ಅಂಗೈಗಳು. ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವೆ ಕಾಯುವ ಶಾರ್ಟ್‌ಸ್ಟಾಪ್ ಎಂಬ ಸ್ಥಾನ ಅವನದು. ನೆಲದ ಮೇಲೆ ಉರುಳಿ ಬರುವ ಚೆಂಡನ್ನು ಬಾಚಿ ಎಸೆದನೆಂದರೆ ಚೆಂಡಿನೊಡನೆ ಮಣ್ಣು, ಹರಳುಕಲ್ಲುಗಳೂ ಹಾರಿ ಹೋಗುತ್ತಿದ್ದುವಂತೆ! ದಾಂಡಿನ ಹೊಡೆತದ ಸರಾಸರಿಯಲ್ಲಿ ಎಂಟು ವರ್ಷ ಅವನೇ ನ್ಯಾಷನಲ್ ಲೀಗಿನ ಅಗ್ರಗಣ್ಯನಾದನು.

ಆದರೂ 1903ರಲ್ಲಿ ಬೋಸ್ಟನ್ ತಂಡದೊಡನೆ ನಡೆದ ಮೊದಲ ವರ್ಲ್ಡ್ ಸೀರೀಸಿನಲ್ಲಿ ಅವನ ಆಟ ಕೆಟ್ಟಿತು, ತಂಡ ಸೋತಿತು. ಮರುವರ್ಷ ದಾಂಡಿಗರ ಚಿತ್ರಶಾಲೆಯೊಂದಕ್ಕೆ ಅವನ ಭಾವಚಿತ್ರವನ್ನು ಕೇಳಿದಾಗ, ಹಾಗೆ ಆಡಿದವನ ಚಿತ್ರ ಅಲ್ಲಿರಲು ತಕ್ಕುದಲ್ಲವೆಂದು ಕಳುಹಿಸಲಿಲ್ಲ. 1909ರಲ್ಲಿ ಟೈ ಕಾಬ್ ಎಂಬ ಮಹಾ ಆಟಗಾರನಿದ್ದ ಡೆಟ್ರಾಯಿಟ್ ತಂಡವನ್ನು ಏಳು ಪಂದ್ಯಗಳ ಹೋರಾಟದಲ್ಲಿ ಸೋಲಿಸಿ ಆ ಕಳಂಕವನ್ನು ತೊಳೆದುಕೊಂಡನು.

ಅದೇ ವರ್ಷ ಅಮೇರಿಕನ್ ಟೊಬ್ಯಾಕೊ ಕಂಪನಿಯು ಸಿಗರೇಟು ಪೊಟ್ಟಣಗಳಲ್ಲಿ ಆಟಗಾರರ ಚಿತ್ರದ ಕಾರ್ಡುಗಳನ್ನು ಇಡಲಾರಂಭಿಸಿತು. ಹೀಗೆ ಬಂದ ಚಿತ್ರಗಳು ಐನೂರಕ್ಕೂ ಹೆಚ್ಚು. ಮೆಚ್ಚಿನ ಆಟಗಾರನ ಚಿತ್ರಕ್ಕಾಗಿ ಹುಡುಗರು ಸಿಗರೇಟು ಕೊಂಡವರ ಬಳಿ ಕೈಚಾಚುತ್ತಿದ್ದರು. ವ್ಯಾಗ್ನರನ ಒಪ್ಪಿಗೆಯನ್ನು ಪಡೆದುಕೊಡಲು ಕಂಪನಿಯು ಜಾನ್ ಗ್ರೂಬರ್ ಎಂಬ ಪಿಟ್ಸ್‌ಬರ್ಗಿನ ಪತ್ರಕರ್ತನಿಗೆ ಹತ್ತು ಡಾಲರು ಕೊಡುವೆನೆಂದಿತು. ತನ್ನ ಚಿತ್ರ ಸಿಗರೇಟಿನೊಡನೆ ಹೋಗುವುದು ವ್ಯಾಗ್ನರನಿಗೆ ಇಷ್ಟವಿರಲಿಲ್ಲ. ಅವನು ನಿರಾಕರಿಸಿ, ಮಿತ್ರನಿಗೆ ನಷ್ಟವಾಗಬಾರದೆಂದು ತಾನೇ ಹತ್ತು ಡಾಲರಿನ ಚೆಕ್ಕನ್ನು ಕಳುಹಿಸಿದನು. ಮುದ್ರಣ ನಿಂತಿತು. ಅಷ್ಟರಲ್ಲಿ ಹೊರಬಿದ್ದುವುಗಳಲ್ಲಿ ಇಂದು ತಿಳಿದಿರುವುವು ಅರುವತ್ತರ ಆಸುಪಾಸು.

ಹಣಕ್ಕಾಗಿ ಬೇಡವೆಂದನೆಂದು ಕೆಲವರು ವಾದಿಸುತ್ತಾರೆ. ಅವನೂ ತಂಬಾಕು ಜಗಿಯುತ್ತಿದ್ದನು, ಹಿಂದೆ ಚುಟ್ಟಾ ವ್ಯಾಪಾರಿಯೊಬ್ಬನ ಜಾಹೀರಾತಿನಲ್ಲಿ ಅವನ ಚಿತ್ರವಿತ್ತು ಎಂಬುದು ಅವರ ಆಧಾರ. ಇದು ಸುಳ್ಳಲ್ಲ. ಆದರೆ ಹಣದಾಸೆಯವನು ಕೈಯಿಂದ ಹತ್ತು ಡಾಲರನ್ನು ತೆರುವನೇ? ಬಾಲಕರು ತನ್ನ ಚಿತ್ರಕ್ಕಾಗಿ ಸಿಗರೇಟಿನ ಬೆನ್ನು ಹತ್ತುವುದು ಅವನಿಗೆ ಸಹಿಸಲಿಲ್ಲವೆಂದೇ ನಮ್ಮ ನಂಬಿಕೆ.

1917ರಲ್ಲಿ ಆಟದಿಂದ ನಿವೃತ್ತನಾದನು. 1933ರಿಂದ 1951ರವರೆಗೆ ಹಳೆಯ ತಂಡದಲ್ಲಿಯೇ ಎಳೆಯರಿಗೆ ಆಟ ಕಲಿಸಿದನು. 1936ರಲ್ಲಿ ಬೇಸ್‌ಬಾಲ್ ಕೀರ್ತಿಮಂದಿರಕ್ಕೆ ಮೊಟ್ಟಮೊದಲು ಆರಿಸಲ್ಪಟ್ಟ ಐವರಲ್ಲಿ ಅವನೊಬ್ಬನು. 1955ರ ಏಪ್ರಿಲಿನಲ್ಲಿ ಪಿಟ್ಸ್‌ಬರ್ಗಿನಲ್ಲಿ ಅವನ ಪ್ರತಿಮೆಯನ್ನು ಅನಾವರಣ ಮಾಡಿದರು. ಡಿಸೆಂಬರ್ 6ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು.

ಬೇಡವೆಂದ ಆ ಚಿತ್ರವೇ ಸಂಗ್ರಾಹಕರಿಗೆ ಎಲ್ಲಕ್ಕಿಂತ ಬೇಕಾದುದಾಯಿತು. ಅಂಥ ಒಂದು ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ನಮಗೆ ಪ್ರಿಯನಾದ ಸಂಗ್ರಾಹಕನು ಬೇರೊಬ್ಬನು. ಜೆಫರ್ಸನ್ ಬರ್ಡಿಕ್ ಎಂಬ ಬಡ ಕಾರ್ಮಿಕನು ಕೀಲುನೋವಿನಿಂದ ಬೆರಳುಗಳು ಸೊಟ್ಟಗಾಗಿದ್ದರೂ ತಾನು ಕೂಡಿಸಿದ ಕಾರ್ಡುಗಳನ್ನು ವರ್ಷಗಟ್ಟಲೆ ಆಲ್ಬಮ್ಮುಗಳಲ್ಲಿ ಅಂಟಿಸಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ಕೊಟ್ಟನು. ಕೆಲಸ ಮುಗಿಸಿದ ಕೆಲವೇ ವಾರಗಳಲ್ಲಿ, 1963ರಲ್ಲಿ, ತೀರಿಕೊಂಡನು. ಅವನು ಬಿಟ್ಟುಹೋದ ಮೂವತ್ತು ಸಾವಿರ ಬೇಸ್‌ಬಾಲ್ ಕಾರ್ಡುಗಳ ನಡುವೆ ವ್ಯಾಗ್ನರನದೂ ಒಂದು ಇದೆ.