ಸಿಯೆರಾ ಬೆಟ್ಟಗಳ ಜಾನ್ ಮ್ಯೂರ್

ಊರಿನಿಂದ ಅಪ್ಪ ಅಮ್ಮ ಬಂದರೆಂದರೆ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು, ಪುಳಿಯೋಗರೆ ಮೊಸರನ್ನದ ಡಬ್ಬಿಗಳ ಸಮೇತ ಯೊಸೆಮಿಟಿಗೆ ಹೋಗಿಬರುವುದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ನೆಲೆಸಿರುವ ನಮಗೆಲ್ಲ ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ಸುರಂಗ ದಾಟಿದೊಡನೆ ಎಡಕ್ಕೆ ಎಲ್ ಕ್ಯಾಪಿಟನ್, ಬಲಕ್ಕೆ ಬ್ರೈಡಲ್‌ವೇಲ್ ಜಲಪಾತ, ದೂರದಲ್ಲಿ ಹಾಫ್ ಡೋಮ್. ಫೋಟೋ ತೆಗೆಯುತ್ತೇವೆ, ಜೋಗವನ್ನು ನೆನೆಯುತ್ತೇವೆ, ಮರಳುತ್ತೇವೆ. ಈ ಬೆಟ್ಟಗಳು ಕುರಿಮಂದೆಗಳಿಗೂ ಗರಗಸಗಳಿಗೂ ಪೂರ್ತಿ ಬಲಿಯಾಗದೆ ಉಳಿದುದಕ್ಕೆ ಬಹುಮಟ್ಟಿಗೆ ಕಾರಣನಾದ ಜಾನ್ ಮ್ಯೂರ್‌ನ ಹೆಸರನ್ನು ನಾವು ಕೇಳಿರುತ್ತೇವೆ. ಅವನ ಕಥೆ ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಮ್ಯೂರ್ ಕೂಡ ನಮ್ಮಂತೆಯೇ ವಲಸೆ ಬಂದವನು. 1838ರ ಏಪ್ರಿಲ್ 21ರಂದು ಸ್ಕಾಟ್ಲೆಂಡಿನ ಡನ್‌ಬಾರ್‌ನಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿಗೆ ಮನೆಯವರೊಡನೆ ವಿಸ್ಕಾನ್ಸಿನ್‌ನ ಕಾಡಿಗೆ ಬಂದ. ತಂದೆ ಬಹಳ ಕಟ್ಟುನಿಟ್ಟಿನ ದೈವಭಕ್ತ. ಏಟಿನ ಭಯದಲ್ಲಿ ಹುಡುಗನಿಗೆ ಹೊಸ ಒಡಂಬಡಿಕೆ ಪೂರ್ತಿ, ಹಳೆಯದರ ಮುಕ್ಕಾಲು ಪಾಲು ಬಾಯಿಪಾಠವಾಗಿತ್ತು. ಹಗಲೆಲ್ಲ ಹೊಲದ ದುಡಿಮೆ. ನಡುರಾತ್ರಿ ಕಳೆಯುತ್ತಲೇ ಎದ್ದು ನೆಲಮಾಳಿಗೆಯಲ್ಲಿ ಮರದ ಗಡಿಯಾರಗಳನ್ನು ಕೆತ್ತುತ್ತಿದ್ದ. ಹೊತ್ತಾದಾಗ ಮಲಗಿದವನನ್ನು ಎತ್ತಿ ನಿಲ್ಲಿಸುವ ಮಂಚವೊಂದನ್ನೂ ಮಾಡಿದ! (ನಮ್ಮ ಮಕ್ಕಳಿಗೆ ಅಂಥದೊಂದು ಇಂದಿಗೂ ಬೇಕು.)

ಯಂತ್ರಗಳಲ್ಲೇ ಮುಂದೆ ಬರಬಹುದಾಗಿದ್ದವನ ದಾರಿಯನ್ನು ಒಂದು ಅಪಘಾತ ಬದಲಿಸಿತು. 1867ರಲ್ಲಿ ಇಂಡಿಯಾನಾಪೊಲಿಸ್‌ನ ಗಾಡಿ ಬಿಡಿಭಾಗಗಳ ಕಾರ್ಖಾನೆಯಲ್ಲಿ ಯಂತ್ರದ ಬೆಲ್ಟ್ ಬಿಚ್ಚುತ್ತಿದ್ದಾಗ ಅರ ಜಾರಿ ಬಲಗಣ್ಣಿಗೆ ಚುಚ್ಚಿತು. ಕೆಲವೇ ದಿನಗಳಲ್ಲಿ ಎಡಗಣ್ಣೂ ಮಂಕಾಯಿತು. ವಾರಗಟ್ಟಲೆ ಕತ್ತಲೆ ಕೋಣೆ. ದೃಷ್ಟಿ ಮರಳಿದ ಮೇಲೆ ಇನ್ನು ಕಾರ್ಖಾನೆಯ ಕಡೆ ತಿರುಗಿ ನೋಡಬಾರದೆಂದು ನಿಶ್ಚಯಿಸಿ, ಸುಮಾರು ಸಾವಿರ ಮೈಲಿ ನಡೆದೇ ಫ್ಲಾರಿಡಾ ತೀರ ಸೇರಿದ. ಅಲ್ಲಿ ಮಲೇರಿಯಾ ಹಿಡಿಯಿತು. ಚೇತರಿಸಿಕೊಂಡು, 1868ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಡಗಿನಿಂದ ಇಳಿದವನು ಮತ್ತೆ ನಡೆದೇ ಯೊಸೆಮಿಟಿಗೆ ಹೋದ.

ಮರುವರ್ಷ ಬೇಸಿಗೆಯಲ್ಲಿ ಎರಡು ಸಾವಿರಕ್ಕೂ ಮಿಕ್ಕ ಕುರಿಗಳ ಹಿಂದೆ ಟುವಾಲಮಿಯ ಎತ್ತರದ ಹುಲ್ಲುಗಾವಲುಗಳಿಗೆ ಹತ್ತಿದ. ತಾನು ಕಾಯುವ ಕುರಿಗಳೇ ಹೂವು ಹುಲ್ಲನ್ನೆಲ್ಲ ಬೇರುಮಟ್ಟ ಬೋಳಿಸುವುದನ್ನು ಕಣ್ಣಾರೆ ಕಂಡ. ಆಮೇಲೆ ಕಣಿವೆಯಲ್ಲಿ ಮರ ಕೊಯ್ಯುವ ಕೆಲಸ. ಬಿಡುವು ಸಿಕ್ಕಾಗಲೆಲ್ಲ ಒಂದಿಷ್ಟು ಬ್ರೆಡ್ಡು, ಚಹಾ ಎಲೆ ಕಟ್ಟಿಕೊಂಡು ಒಬ್ಬನೇ ಶಿಖರಗಳಿಗೆ. ಇಂದು ನಾವು ಹೊರುವ ಬ್ಯಾಕ್‌ಪ್ಯಾಕಿನ ತೂಕ ನೆನೆದರೆ ನಾಚಿಕೆಯಾಗುತ್ತದೆ.

ಕಣಿವೆಯ ತಳ ಕುಸಿದು ಯೊಸೆಮಿಟಿ ಉಂಟಾಯಿತೆಂದು ರಾಜ್ಯದ ಭೂವಿಜ್ಞಾನಿ ಜೋಸಯಾ ವಿಟ್ನಿ ಸಾರಿದ್ದ. ನುಣುಪಾಗಿ ಉಜ್ಜಿದಂತಿದ್ದ ಗ್ರಾನೈಟ್ ಬಂಡೆಗಳನ್ನೂ ಅವುಗಳ ಮೇಲಿನ ಗೀರುಗಳನ್ನೂ ತಡವಿ ನೋಡಿದ್ದ ಮ್ಯೂರ್, ಇದು ಹಿಮನದಿಗಳ ಕೆತ್ತನೆಯೆಂದ. ಕುರಿ ಕಾಯುವವನ ಮಾತಿಗೆ ಬೆಲೆ ಎಲ್ಲಿಯದು? 1872ರಲ್ಲಿ ಅವನು ಮೆಕ್ಲೂರ್ ಹಿಮರಾಶಿಯ ಮೇಲೆ ಸಾಲಾಗಿ ಗೂಟ ನೆಟ್ಟು ಬಂದ. 46 ದಿನ ಬಿಟ್ಟು ಹೋಗಿ ಅಳೆದರೆ ನಡುವಿನ ಗೂಟ 47 ಅಂಗುಲ ಕೆಳಗೆ ಸರಿದಿತ್ತು. ಸಿಯೆರಾದಲ್ಲಿ ಹಿಮನದಿ ಇನ್ನೂ ಜೀವಂತವಾಗಿತ್ತು! ಹಿಮದ ಪಾಲನ್ನು ಅವನು ಕೊಂಚ ಹೆಚ್ಚಾಗಿಯೇ ಅಂದಾಜು ಮಾಡಿದ್ದ, ನದಿಯ ಕೊರೆತವೂ ಸಾಕಷ್ಟಿತ್ತು ಎಂಬುದು ಮುಂದೆ ತಿಳಿಯಿತು. ಆದರೂ ಪಂಡಿತ ಸೋತಿದ್ದ, ಕುರುಬ ಗೆದ್ದಿದ್ದ.

1874ರ ಡಿಸೆಂಬರಿನ ಬಿರುಗಾಳಿಯಲ್ಲಿ ಮರಕ್ಕೆ ಹೇಗನಿಸುತ್ತದೆಂದು ತಿಳಿಯಲು ಎತ್ತರದ ಮರದ ತುದಿಗೇ ಹತ್ತಿ ಗಂಟೆಗಟ್ಟಲೆ ತೂಗಾಡಿದವನು ಅವನು. ಜಲಪಾತದ ತುಂತುರಿನಲ್ಲಿ ಚಳಿಗಾಲದಲ್ಲೂ ಹಾಡುವ ಬೂದುಬಣ್ಣದ ಪುಟ್ಟ ನೀರುಹಕ್ಕಿಯ ಮೇಲೆ ಅವನು ಬರೆದ ಪ್ರಬಂಧವನ್ನು ಹಕ್ಕಿ ನೋಡುವ ಹವ್ಯಾಸವಿರುವವರು ಓದಲೇಬೇಕು.

ಒಂದು ಮಾತನ್ನು ಮುಚ್ಚಿಡುವುದು ನಮಗೆ ಸರಿಕಾಣದು. ಆ ಕಣಿವೆ ನಿರ್ಜನವಾಗಿರಲಿಲ್ಲ. ಅಲ್ಲಿ ಬಾಳಿದ್ದ ಅವಾನೀಚಿ ಜನರನ್ನು 1851ರಲ್ಲಿ ಸಶಸ್ತ್ರ ತುಕಡಿಯೊಂದು ಓಡಿಸಿತ್ತು. ಹಕ್ಕಿಗೆ ಕರಗಿದ ಮ್ಯೂರ್ ಆದಿನಿವಾಸಿಗಳ ಬಗ್ಗೆ ಮೊದಮೊದಲು ತುಚ್ಛವಾಗಿ ಬರೆದ. ಅಲಾಸ್ಕಾದಲ್ಲಿ ಟ್ಲಿಂಗಿಟ್ ಜನರೊಡನೆ ದೋಣಿಯಲ್ಲಿ ತಿರುಗಿದ ಮೇಲೆ ಅವನ ಧೋರಣೆ ಮೃದುವಾಯಿತು. ಅವನೇ ಕಟ್ಟಿದ ಸಿಯೆರಾ ಕ್ಲಬ್ 2020ರಲ್ಲಿ ಈ ಕಳಂಕವನ್ನು ಬಹಿರಂಗವಾಗಿ ಒಪ್ಪಿಕೊಂಡಿತು.

1880ರಲ್ಲಿ ಮದುವೆ, ಮಾರ್ಟಿನೆಜ್‌ನಲ್ಲಿ ಹಣ್ಣಿನ ತೋಟ, ಇಬ್ಬರು ಹೆಣ್ಣುಮಕ್ಕಳು. ಸಂಪಾದಕ ಮಿತ್ರ ರಾಬರ್ಟ್ ಅಂಡರ್‌ವುಡ್ ಜಾನ್ಸನ್‌ನ ಒತ್ತಾಯದಿಂದ ಬರೆದ ಲೇಖನಗಳು ಫಲ ಕೊಟ್ಟು, 1890ರ ಅಕ್ಟೋಬರ್ 1ರಂದು ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಯಿತು. 1892ರಲ್ಲಿ ಸಿಯೆರಾ ಕ್ಲಬ್ ಹುಟ್ಟಿತು. ಕೊನೆಯುಸಿರಿನವರೆಗೂ ಅವನೇ ಅದರ ಅಧ್ಯಕ್ಷ. 1903ರಲ್ಲಿ ರಾಷ್ಟ್ರಾಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಸನ್ಮಾನ ಸಮಾರಂಭಗಳನ್ನು ಬದಿಗಿಟ್ಟು ಅವನೊಡನೆ ಮೂರು ರಾತ್ರಿ ಬಯಲಲ್ಲಿ ಮಲಗಿದರು. ಒಂದು ಬೆಳಗ್ಗೆ ಎದ್ದಾಗ ಹೊದಿಕೆಯ ಮೇಲೆ ಹಿಮ ಬಿದ್ದಿತ್ತು. ಅದೇ ವರ್ಷ ಹೊರಟ ವಿಶ್ವಪ್ರವಾಸದಲ್ಲಿ ಮ್ಯೂರ್ ಭಾರತಕ್ಕೂ ಹೋಗಿ ಹಿಮಾಲಯದ ದೇವದಾರುಗಳನ್ನು ನೋಡಿಬಂದ.

ಇಷ್ಟೆಲ್ಲ ಗೆದ್ದವನು ಒಂದು ಕಣಿವೆಯನ್ನು ಸೋತ. ಯೊಸೆಮಿಟಿಯ ತಂಗಿಯಂತಿದ್ದ, ಉದ್ಯಾನದ ಒಳಗೇ ಇದ್ದ ಹೆಚ್ ಹೆಚಿ ಕಣಿವೆಗೆ ಅಣೆಕಟ್ಟು ಕಟ್ಟಿ ನೀರು ತರಬೇಕೆಂದು ಸ್ಯಾನ್ ಫ್ರಾನ್ಸಿಸ್ಕೋ ಹಟ ಹಿಡಿಯಿತು. 1906ರ ಭೂಕಂಪ ಮತ್ತು ಬೆಂಕಿಯ ನಂತರ ನಗರದ ವಾದಕ್ಕೆ ಬಲ ಬಂತು. ಎಪ್ಪತ್ತು ದಾಟಿದ ಮುದುಕ ಬರೆದ, ಬೇಡಿದ, ಜಗಳವಾಡಿದ. 1913ರ ಡಿಸೆಂಬರ್ 19ರಂದು ಅಧ್ಯಕ್ಷ ವಿಲ್ಸನ್ ಅಣೆಕಟ್ಟಿನ ಕಾಯಿದೆಗೆ ಸಹಿ ಹಾಕಿದರು. ಮರುವರ್ಷ ಡಿಸೆಂಬರ್ 24ರಂದು ಲಾಸ್ ಏಂಜಲೀಸ್‌ನ ಆಸ್ಪತ್ರೆಯಲ್ಲಿ ನ್ಯುಮೋನಿಯಾದಿಂದ ಮ್ಯೂರ್ ತೀರಿಕೊಂಡ. 1923ರಲ್ಲಿ ಅಣೆಕಟ್ಟು ಎದ್ದು ಕಣಿವೆ ಮುಳುಗಿತು. ಮುಳುಗಡೆ ಎಂಬ ಮಾತಿನ ಭಾರ ಶರಾವತಿ ಸೀಮೆಯಿಂದ ಬಂದ ನಮ್ಮ ಸದಸ್ಯರಿಗೆ ವಿವರಿಸಬೇಕಾಗಿಲ್ಲ.

ಆ ನೀರು ಇಂದು ಕೊಲ್ಲಿ ಪ್ರದೇಶದ 25 ಲಕ್ಷಕ್ಕೂ ಹೆಚ್ಚು ಜನಕ್ಕೆ ಹರಿಯುತ್ತದೆ. ನಮ್ಮಲ್ಲಿ ಹಲವರ ಮನೆಯ ನಲ್ಲಿಗೂ. ಈ ಲೇಖನಕ್ಕೆಂದೇ ನಾವು ಕೆಲವರು ಹೆಚ್ ಹೆಚಿಗೆ ಹೋಗಿ, ಅಣೆಕಟ್ಟಿನ ಮೇಲಿಂದ ಹಾಯ್ದು ವಪಾಮ ಜಲಪಾತದವರೆಗೆ ನಡೆದೆವು. ಯೊಸೆಮಿಟಿಯ ಜನಜಂಗುಳಿ ಅಲ್ಲಿಲ್ಲ. ಬಿಸಿಲಿಗೆ ದಣಿದು ಬಂಡೆಯ ಮೇಲೆ ಕುಳಿತು ಬಾಟಲಿ ತೆರೆದೆವು. ಬೆಳಗ್ಗೆ ಮನೆಯ ನಲ್ಲಿಯಲ್ಲಿ ತುಂಬಿಕೊಂಡ ನೀರು. ಕೆಳಗೆ ನಿಂತಿದ್ದದ್ದೂ ಅದೇ.