ಊರಿನ ವೈದ್ಯ: ಪ್ಯಾಟ್ರಿಕ್ ಗೆಡ್ಡಿಸ್ ಅವರ ಬದುಕು ಮತ್ತು ನಗರಚಿಂತನೆ

ನಗರವನ್ನು ಕುರಿತ ನಮ್ಮ ಸಾಹಿತ್ಯ ಚರ್ಚೆಗಳು ಬಹುಮಟ್ಟಿಗೆ ಹಳ್ಳಿ-ಪಟ್ಟಣಗಳ ವೈರುಧ್ಯವನ್ನೇ ಆಧರಿಸಿವೆ. ನಗರವನ್ನೂ ಒಂದು ಊರೆಂದು, ಬೆಳೆಯುವ, ಬೇನೆ ಬೀಳುವ, ಚೇತರಿಸಿಕೊಳ್ಳುವ ಜೀವಿಯೆಂದು ಕಂಡ ಪ್ಯಾಟ್ರಿಕ್ ಗೆಡ್ಡಿಸ್ (1854-1932) ಅವರ ಬದುಕನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತ.

ಸ್ಕಾಟ್ಲೆಂಡಿನ ಬ್ಯಾಲಟರ್‌ನಲ್ಲಿ ಜನಿಸಿದ ಗೆಡ್ಡಿಸ್ ಮೂಲತಃ ಜೀವವಿಜ್ಞಾನಿ. ಥಾಮಸ್ ಹಕ್ಸ್‌ಲಿಯವರ ಶಿಷ್ಯರು. 1879ರಲ್ಲಿ ಮೆಕ್ಸಿಕೋದಲ್ಲಿದ್ದಾಗ ಕೆಲಕಾಲ ದೃಷ್ಟಿ ಕಳೆದುಕೊಂಡ ಅವರು ಸೂಕ್ಷ್ಮದರ್ಶಕದಿಂದ ದೂರ ಸರಿಯಬೇಕಾಯಿತು. ಜೀವಿ ಮತ್ತು ಪರಿಸರಗಳ ಸಂಬಂಧದಲ್ಲಿ ಅವರಿಗಿದ್ದ ಆಸಕ್ತಿ ಕ್ರಮೇಣ ಮನುಷ್ಯವಸತಿಯತ್ತ ಹೊರಳಿತು. 1886ರಲ್ಲಿ ಆನಾ ಮಾರ್ಟನ್ ಅವರನ್ನು ವಿವಾಹವಾದ ಮೇಲೆ ದಂಪತಿಗಳು ಎಡಿನ್‌ಬರೋದ ಹಳೆಯ ಪಟ್ಟಣದ ಕೊಳೆಗೇರಿಯಲ್ಲೇ ಬಿಡಾರ ಹೂಡಿ, ನೆರೆಯವರೊಡನೆ ಸೇರಿ ಶಿಥಿಲಗೊಂಡ ವಸತಿಗಳನ್ನು ದುರಸ್ತಿಗೊಳಿಸತೊಡಗಿದರು. ಗ್ರಂಥಕ್ಕಿಂತ ಮೊದಲು ನೆರೆಹೊರೆಯಿಂದಲೇ ಅವರ ನಗರಶಾಸ್ತ್ರ ರೂಪುಗೊಂಡಿತೆಂಬುದು ಗಮನಾರ್ಹ.

ಮದರಾಸಿನ ಗವರ್ನರ್ ಪೆಂಟ್‌ಲೆಂಡ್ ಅವರ ಆಹ್ವಾನದ ಮೇರೆಗೆ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದರು. ಅವರ ನಗರ ಪ್ರದರ್ಶನದ ಸಾಮಗ್ರಿಯನ್ನು ಹೊತ್ತ ಹಡಗನ್ನು ಜರ್ಮನಿಯ ಎಂಡೆನ್ ನೌಕೆ ಮುಳುಗಿಸಿತು. ಸ್ನೇಹಿತರ ನೆರವಿನಿಂದ ಹೊಸ ಸಾಮಗ್ರಿ ಕೂಡಿಸಿ 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಸಿದರು. ಅದೇ ವರ್ಷ ಪ್ರಕಟವಾದ ‘ಸಿಟೀಸ್ ಇನ್ ಎವಲ್ಯೂಷನ್’ ಕೃತಿಯಲ್ಲಿ, ಬೆಳೆಯುತ್ತ ಒಂದರೊಳಗೊಂದು ಕೂಡಿಕೊಳ್ಳುವ ಪಟ್ಟಣಗಳನ್ನು ಸೂಚಿಸಲು ಕಾನರ್ಬೇಷನ್ ಎಂಬ ಪದವನ್ನು ಬಳಕೆಗೆ ತಂದರು.

1896ರ ಪ್ಲೇಗಿನ ತರುವಾಯ ಮುಂಬಯಿ ಮೊದಲಾದೆಡೆ ನಗರ ಸುಧಾರಣೆಯೆಂದರೆ ಇಕ್ಕಟ್ಟಾದ ಕೇರಿಗಳನ್ನು ಕೆಡವಿ ನೇರ ರಸ್ತೆ ತೆಗೆಯುವುದೆಂಬ ಭಾವನೆ ಬೇರೂರಿತ್ತು. ಕೆಡವಿದ ಮನೆಯ ಬಡವರು ಮತ್ತೊಂದು ಇಕ್ಕಟ್ಟಿನ ಕೇರಿ ಸೇರುವುದರಿಂದ ರೋಗ ಸ್ಥಳಾಂತರಗೊಳ್ಳುವುದೇ ಹೊರತು ವಾಸಿಯಾಗದೆಂದು ಗೆಡ್ಡಿಸ್ ವಾದಿಸಿದರು. ಮೊದಲು ಕಾಲ್ನಡಿಗೆಯಲ್ಲಿ ಊರಿನ ಸಮೀಕ್ಷೆ. ಬಳಿಕ ತೀರ ಹಾಳಾದ ಕೆಲವೇ ಮನೆಗಳನ್ನು ತೆಗೆದು, ಬಾವಿ, ಮರ, ಗುಡಿಗಳ ಸುತ್ತ ಬಯಲು ಬಿಡಿಸುವುದು ಅವರ ವಿಧಾನ. ಮಲೇರಿಯಾದ ನೆಪದಲ್ಲಿ ಕೆರೆ ಮುಚ್ಚುವುದನ್ನೂ ವಿರೋಧಿಸಿ, ಮೀನು ಮತ್ತು ಬಾತುಗಳನ್ನು ಬಿಟ್ಟು ಕೆರೆಯನ್ನು ಉಳಿಸಿಕೊಳ್ಳಲು ಸೂಚಿಸಿದರು.

1917 ಅವರ ಪಾಲಿಗೆ ದುರಂತದ ವರ್ಷ. ಹಿರಿಯ ಮಗ ಅಲಸ್ಡೇರ್ ಯುದ್ಧದಲ್ಲಿ ಮಡಿದರು. ಕಲ್ಕತ್ತೆಯಲ್ಲಿ ಮರಣಶಯ್ಯೆಯಲ್ಲಿದ್ದ ಪತ್ನಿಗೆ ಆ ಸುದ್ದಿಯನ್ನು ತಿಳಿಸದೆ ತಾವೊಬ್ಬರೇ ಭರಿಸಿದರು. ಅದೇ ವರ್ಷ ಇಂದೂರಿನಲ್ಲಿ ಒಂದು ದಿನದ ಅರಸರಾಗಿ ದೀಪಾವಳಿಯ ಮೆರವಣಿಗೆಯನ್ನು ಯೋಜಿಸಿದರು. ಚೊಕ್ಕಟಗೊಳಿಸಿದ ಬೀದಿಗಳಲ್ಲೇ ಮೆರವಣಿಗೆ ಸಾಗುವುದೆಂದು ಸಾರಿದ್ದರಿಂದ ಜನರೇ ಕೇರಿಗಳನ್ನು ಗುಡಿಸಿದರು. ಪ್ಲೇಗಿನ ಇಲಿಯ ಪ್ರತಿಕೃತಿಯೂ ಮೆರವಣಿಗೆಯಲ್ಲಿತ್ತು. 1919ರಿಂದ 1924ರವರೆಗೆ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ಫ್ರಾನ್ಸಿನ ಮಾಂಟ್‌ಪೆಲಿಯೆಯಲ್ಲಿ 1932ರಲ್ಲಿ ನಿಧನರಾದರು.

ಗೆಡ್ಡಿಸ್ ಅವರ ಚಿಂತನೆಗೆ ಮಿತಿಗಳೂ ಇವೆ. ವಸಾಹತು ಅಧಿಕಾರಿಗಳ ಮತ್ತು ಸಂಸ್ಥಾನಿಕರ ಆಶ್ರಯದಲ್ಲಿ ಸಿದ್ಧವಾದ ಅವರ ವರದಿಗಳಲ್ಲಿ ಹಲವು ಕಾರ್ಯರೂಪಕ್ಕೆ ಬರಲಿಲ್ಲ. ಕೇರಿಗಳನ್ನು ಹಾಗೆಯೇ ಉಳಿಸುವುದೆಂದರೆ ಅವುಗಳನ್ನು ವಿಂಗಡಿಸಿದ ಜಾತಿಯ ಗೆರೆಗಳನ್ನೂ ಉಳಿಸಿದಂತಾಗುವುದಿಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆದರೂ 2011ರ ಜನಗಣತಿಯ ವೇಳೆಗೆ ಹತ್ತು ಲಕ್ಷಕ್ಕೂ ಮಿಕ್ಕಿದ ಜನಸಂಖ್ಯೆಯ 53 ನಗರಸಮೂಹಗಳನ್ನು ಹೊಂದಿದ್ದ ದೇಶಕ್ಕೆ ಅವರ ವಿವೇಕ ಅಪ್ರಸ್ತುತವಲ್ಲ. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಗಿ, ಸಂಪಂಗಿ ಕೆರೆ ಕ್ರೀಡಾಂಗಣವಾಗಿ ಮಾರ್ಪಟ್ಟ ಬೆಂಗಳೂರಿನಲ್ಲಿ ನಿಂತು ಓದುವವರಿಗಂತೂ ಅದು ತಡವಾಗಿ ತಲುಪಿದ ವೈದ್ಯರ ಚೀಟಿಯಂತೆ ಕಾಣುತ್ತದೆ.